‘ಯೋಚ್ನೆ ಬಿಡು’ ಅಂದರೆ ಎದ್ದು ಓಡಿ

ಇಟಲಿಯ ನೇಪಲ್ಸ್ ನಗರದ ಆಡುನುಡಿಯಲ್ಲಿ ‘ಸ್ತಾ ಸೆಂತ್ಸಾ ಪೆನ್ಸಿಯೇರ್’ ಅಂತೊಂದು ಮಾತಿದೆ. ನಾವು ‘ಯೋಚ್ನೆ ಬಿಡಪ್ಪಾ, ನಾನಿಲ್ವಾ?’ ಅನ್ನುತ್ತೇವಲ್ಲ, ಹೆಚ್ಚುಕಮ್ಮಿ ಅದೇ. ಸೈಟು ಮಾರುವವರ ಬಾಯಲ್ಲಿ ಈ ಮಾತು ಬಂದ ಮೇಲೇ ನಮಗೆ ಯೋಚನೆ ಶುರುವಾಗುವುದು. ಈ ಮಾತು ಮತ್ತೆಮತ್ತೆ ಬರುವ ಇಟಲಿಯ ‘ಗೊಮೊರ್ರಾ’ ಧಾರಾವಾಹಿ ನೋಡಿದವರಿಗಂತೂ ಬಾಗಿಲಿನ ಚಿಲಕ ಹಾಕಿದೆಯಾ ಅಂತ ಇನ್ನೊಮ್ಮೆ ನೋಡಿ ಬರಬೇಕೆನಿಸುತ್ತದೆ.

2014ರಿಂದ 2021ರವರೆಗೆ ಐದು ಸೀಸನ್, ಒಟ್ಟು 58 ಕಂತು. ನೇಪಲ್ಸಿನ ಸೆಕೊಂದಿಲ್ಯಾನೊ, ಸ್ಕಾಂಪಿಯಾ ಬಡಾವಣೆಗಳ ಕಮೋರಾ ಗ್ಯಾಂಗುಗಳ, ಅಂದರೆ ಆ ಊರಿನ ಮಾಫಿಯಾದ ಕಥೆ. ಅಲ್ಲಿನ ಆಡುನುಡಿ ಎಷ್ಟು ಗಟ್ಟಿಯೆಂದರೆ ಇಟಲಿಯವರೇ ಸಬ್‌ಟೈಟಲ್ ಇಟ್ಟುಕೊಂಡು ನೋಡಬೇಕಾಯಿತು. ಇಬ್ಬರು ಮುಖ್ಯ: ಗ್ಯಾಂಗಿನ ಯಜಮಾನ ಪಿಯೆತ್ರೊ ಸವಾಸ್ತಾನೊನ ಒಬ್ಬನೇ ಮಗ ಜೆನ್ನಿ, ಆ ಮನೆಯ ಅನ್ನ ಉಂಡ ಚೀರೋ. 1980ರ ಭೂಕಂಪದಲ್ಲಿ ಕುಸಿದ ಮನೆಯೊಳಗಿಂದ ಬದುಕಿ ಬಂದ ಕೂಸಾದ್ದರಿಂದ ಚೀರೋಗೆ ‘ಸಾವಿಲ್ಲದವ’ ಅಂತ ಅಡ್ಡಹೆಸರು. ಕಥೆ ಬಿಟ್ಟುಕೊಡದೆ ಮುಂದೆ ಹೇಳಲಾಗದು; ಇನ್ನೂ ನೋಡದವರು ಇಲ್ಲೇ ನಿಲ್ಲಿಸಬಹುದು.

ಇದು ಉದ್ದಕ್ಕೂ ದ್ರೋಹದ ಕಥೆ. ದ್ರೋಹಕ್ಕೆ ಮೊದಲು ಬೇಕಾದ ಸಾಮಗ್ರಿ ಸಲುಗೆ. ಶತ್ರು ಬಂದರೆ ಕಾವಲಿನವರು ತಡೆಯುತ್ತಾರೆ. ‘ಫ್ರಾ’ ಅಂತ ಕರೆದು, ಎರಡೂ ಕೆನ್ನೆಗೆ ಮುತ್ತಿಟ್ಟು ಒಳಗೆ ಬರುವವನನ್ನು ತಡೆಯುವವರಾರು? ಆ ‘ಫ್ರಾ’ ನಮ್ಮ ‘ಮಗಾ’, ‘ಗುರೂ’ಗಳ ಜಾತಿಯದೇ. ಹಾಗಾಗಿ ಯಾರಾದರೂ ಯಾರನ್ನಾದರೂ ಬಿಗಿಯಾಗಿ ತಬ್ಬಿಕೊಂಡರೆ ನೋಡುವವರ ಕಣ್ಣು ಮುಖಕ್ಕೆ ಹೋಗುವುದಿಲ್ಲ, ಕೈಗೆ ಹೋಗುತ್ತದೆ.

ಎರಡನೆಯದು ಹಳೆಯ ಅವಮಾನ. ಮೊದಲ ಸೀಸನ್ನಿನಲ್ಲಿ ಪಿಯೆತ್ರೊ ಒಂದು ಗ್ಲಾಸಿಗೆ ಮೂತ್ರ ಮಾಡಿ ಚೀರೋನ ಮುಂದಿಡುತ್ತಾನೆ. ನಿನ್ನನ್ನು ನಂಬಬಹುದಾ ನೋಡೋಣ, ಕುಡಿ. ಚೀರೋ ಕುಡಿಯುತ್ತಾನೆ. ಪಿಯೆತ್ರೊನ ಲೆಕ್ಕ ತಪ್ಪಿದ್ದು ಅಲ್ಲೇ. ಆ ಗ್ಲಾಸಿನಿಂದ ಗೊತ್ತಾದದ್ದು ಚೀರೋ ಎಷ್ಟು ತಡೆದುಕೊಳ್ಳಬಲ್ಲ ಎಂಬುದಷ್ಟೇ, ನಿಷ್ಠೆ ಎಷ್ಟಿದೆ ಎಂಬುದಲ್ಲ. ಅಂಥದ್ದನ್ನು ನುಂಗಿದವನು ಇನ್ನೇನನ್ನೂ ನುಂಗಿಕೊಂಡು ಸಮಯ ಕಾಯಬಲ್ಲ.

ಆಮೇಲೆ ಪಾಲಿನ ಜಗಳ. ಪಿಯೆತ್ರೊ ಜೈಲು ಸೇರಿದಾಗ ಮೆತ್ತಗಿನ ಜೆನ್ನಿಯನ್ನು ತಿದ್ದಿ ಕೂರಿಸಿ ತಾನು ಆಳಬಹುದೆಂದು ಚೀರೋ ಎಣಿಸಿದ್ದ. ತಾಯಿ ಇಮ್ಮಾ ಮಗನನ್ನು ಹೊಂಡುರಾಸಿಗೆ ಕಳಿಸುತ್ತಾಳೆ. ತಿರುಗಿ ಬಂದವನಿಗೆ ತಲೆಯ ನಡುವೆ ಕೋಳಿಜುಟ್ಟು, ಕಣ್ಣಲ್ಲಿ ಐಸು. ಚೀರೋನ ಕುರ್ಚಿ ಹೋಯಿತು, ಅವನು ತಿರುಗಿಬಿದ್ದ. ಇಮ್ಮಾ ಕೊಲೆಯಾಗುತ್ತಾಳೆ, ಸೀಸನ್ ಮುಗಿಯುವ ಹೊತ್ತಿಗೆ ಜೆನ್ನಿಯೂ ಗುಂಡು ತಿಂದು ಬಿದ್ದಿರುತ್ತಾನೆ, ಬೆರಳು ಮಾತ್ರ ಅಲುಗುತ್ತದೆ.

ಇಲ್ಲಿಗೇ ನಿಂತಿದ್ದರೆ ಇದು ಹತ್ತರಲ್ಲಿ ಹನ್ನೊಂದನೆಯ ಗ್ಯಾಂಗ್ ಕಥೆ. ಎರಡನೇ ಸೀಸನ್ನಿನಲ್ಲಿ ಪಿಯೆತ್ರೊನ ಕಡೆಯವನು ಚೀರೋನ ಪುಟ್ಟ ಮಗಳನ್ನು ಕೊಲ್ಲುತ್ತಾನೆ. ತನ್ನಪ್ಪ ಎಲ್ಲಿ ಸಿಗುತ್ತಾನೆಂದು ಚೀರೋಗೆ ಹೇಳುವವನು ಜೆನ್ನಿಯೇ. ಸ್ಮಶಾನದಲ್ಲಿ ಪಿಯೆತ್ರೊ ಗುಂಡಿಗೆ ಬಲಿ. ಅತ್ತ ಜೆನ್ನಿಗೆ ಗಂಡುಮಗು ಹುಟ್ಟುತ್ತದೆ, ಹೆಸರು ಪಿಯೆತ್ರೊ. ಅಪ್ಪನಿಗೆ ಬಗೆದ ದ್ರೋಹವೇ ಗೆಳೆಯನಿಗೆ ಕೊಟ್ಟ ಉಡುಗೊರೆ. ತಾಯಿಯನ್ನು ಕಳೆದುಕೊಂಡ ಮಗ, ಮಗಳನ್ನು ಕಳೆದುಕೊಂಡ ಅಪ್ಪ, ಇಬ್ಬರಿಗೂ ಈಗ ಬೇರೆ ನೆಂಟರೇ ಇಲ್ಲ.

ಮೂರನೆಯದರ ಕೊನೆಯ ದೃಶ್ಯ ದೋಣಿಯ ಮೇಲೆ. ಜೆನ್ನಿಯನ್ನು ಉಳಿಸಲು ಚೀರೋ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಿದ್ದಾನೆ. ಹಾಗಾದರೆ ನೀನೇ ಹೊಡಿ ಅಂತ ಇನ್ನೊಂದು ಗ್ಯಾಂಗಿನ ನಾಯಕ ಎಂಝೊ ಜೆನ್ನಿಗೆ ಹೇಳುತ್ತಾನೆ. ನಮ್ಮಲ್ಲಿ ಬೆನ್ನಿಗೆ ಚೂರಿ ಹಾಕುವುದು ಅನ್ನುತ್ತೇವೆ. ಇಲ್ಲಿ ಎದುರೆದುರೇ, ಅಳುತ್ತಾ, ಎದೆಗೆ. ಸಮುದ್ರದೊಳಗೆ ಇಳಿಯುತ್ತಾ ಹೋಗುವ ದೇಹವೇ ಕಡೆಯ ಚಿತ್ರ.

ಚೀರೋ ಇಲ್ಲದ ನಾಲ್ಕನೇ ಸೀಸನ್ ಉಪ್ಪಿಲ್ಲದ ಸಾರು. ಗುಂಡು, ಹೆಣ ಎಲ್ಲ ಇವೆ. ಆದರೆ ಜೆನ್ನಿಗೆ ದ್ರೋಹ ಬಗೆದರೆ ನಮ್ಮ ಹೊಟ್ಟೆ ಉರಿಯುವಂಥ ಗೆಳೆಯ ಉಳಿದಿಲ್ಲ. ಬರೆಯುವವರಿಗೂ ಇದು ಗೊತ್ತಾಗಿರಬೇಕು. 2019ರಲ್ಲಿ ಚೀರೋನ ಪಾತ್ರಧಾರಿ ಮಾರ್ಕೊ ದಾಮೋರೆ ತಾನೇ ನಿರ್ದೇಶಿಸಿದ ಸಿನಿಮಾದಲ್ಲಿ ಸತ್ತವನನ್ನು ಎಬ್ಬಿಸಿ ಲಾಟ್ವಿಯಾಕ್ಕೆ ಕಳಿಸಿದ. ಮೋಸವೇ ಸರಿ. ಆದರೂ ಐದನೆಯದರಲ್ಲಿ ಅವನನ್ನು ಹುಡುಕಿಕೊಂಡು ಹೋದ ಜೆನ್ನಿಯ ಮುಖದಲ್ಲಿ ಸಿಟ್ಟಿನ ಜೊತೆ ಇನ್ನೊಂದೇನೋ ಸುಳಿಯುತ್ತದೆ. ನಾನು ಅಷ್ಟು ಅತ್ತದ್ದು ಯಾಕೆ ಮತ್ತೆ, ಅನ್ನುವಂಥ ಗೆಳೆಯನ ಮುನಿಸು.