ಆರು ತಂತಿಯ ಬೇಸ್‌ಗೆ ಏಕಾಂಡದ ಹಟ ಬೇಡ

ನಮ್ಮ ಕಡೆ ವೀಣೆಯ ಮಾತು ಬಂದರೆ ಮೊದಲು ಕೇಳುವ ಪ್ರಶ್ನೆ ‘ಏಕಾಂಡವೋ?’ ಅಂತಲೇ. ಕೊಡ, ದಂಡಿ, ತಲೆ ಮೂರೂ ಒಂದೇ ಹಲಸಿನ ದಿಮ್ಮಿಯಿಂದ ಎದ್ದು ಬಂದಿದ್ದರೆ ಅದಕ್ಕೊಂದು ಮರ್ಯಾದೆ, ಜೋಡಿಸಿದ್ದಾದರೆ ಒಂದು ಮೆಟ್ಟಿಲು ಕೆಳಗೆ. ಪುಣೆ, ಮುಂಬೈಗಳಲ್ಲಿರುವ ಕನ್ನಡದ ಹುಡುಗರು ಆರು ತಂತಿಯ ಬೇಸ್ ಗಿಟಾರನ್ನು ಕೈಯಾರೆ ಕಟ್ಟಲು ಹೊರಟಾಗಲೂ ಇದೇ ಗೌರವ ಜೊತೆಗೆ ಬರುತ್ತದೆ. ದಾಂಡೇಲಿ ತೇಗದ ಒಂದೇ ಹಲಗೆ ಸಿಗುತ್ತದಾ, ನೆಕ್ (ತಂತಿಗಳು ಹಾಯುವ ಉದ್ದ ಕುತ್ತಿಗೆ) ಒಂದೇ ತುಂಡಿನಲ್ಲಿ ಆಗುತ್ತದಾ ಎಂದು ಕೇಳುತ್ತಾರೆ. ಆಗುತ್ತದೆ. ಆದರೆ ಅಗಲವಾದ, ತೆಳುವಾದ ಆ ಒಂಟಿ ತುಂಡು ಪುಣೆಯ ಎರಡು ಮಳೆಗಾಲ, ಎರಡು ಬೇಸಿಗೆ ಕಂಡಮೇಲೂ ನೆಟ್ಟಗೆ ಉಳಿದರೆ ಅದು ಅದೃಷ್ಟ. ಈ ಒಂದು ವಿಷಯದಲ್ಲಿ ನಾನು ನಮ್ಮ ಪದ್ಧತಿಯನ್ನು ಬಿಟ್ಟು ಇಲ್ಲಿಯ, ಅಂದರೆ ಮಹಾರಾಷ್ಟ್ರದವರ, ಪದ್ಧತಿಯ ಪರ.

ಇಲ್ಲಿಯವರ ಪದ್ಧತಿ ಅಂದರೆ ಮೀರಜಿನದು. ಬೆಳಗಾವಿಯ ಮಗ್ಗುಲಲ್ಲೇ ಇರುವ, ಕನ್ನಡ ಕಿವಿಗೆ ಬೀಳುವ ಊರು ಅದು. ಅಲ್ಲಿಯ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ಯಾರೂ ಒಂದೇ ಮರ ಎಂದು ಹಟ ಹಿಡಿಯುವುದಿಲ್ಲ. ಪಂಢರಪುರದ ಕಡೆ ಬೆಳೆದ ಭೋಪಳಾ ಬುರುಡೆ ಬೇರೆ, ದಂಡಿಯ ಮರ ಬೇರೆ, ದಂಡಿಯ ಮೇಲೆ ಮುಚ್ಚುವ ಪಟ್ಟಿ ಬೇರೆ. ಒಂದೊಂದನ್ನೂ ಅದರದರ ಕೆಲಸಕ್ಕೆ ತಕ್ಕಂತೆ ಆರಿಸಿ, ಒಣಗಿಸಿ, ಆಮೇಲೆ ಕೂಡಿಸುತ್ತಾರೆ. ಬೇಸ್ ಕಟ್ಟುವವನಿಗೆ ಬೇಕಾದ ಬುದ್ಧಿ ಇದೇ.

ಲೆಕ್ಕ ನೋಡಿ. ವೀಣೆಯ ದಂಡಿ ಆಳವಾಗಿದೆ, ಒಳಗೆ ಟೊಳ್ಳು. ನಾಲ್ಕು ನುಡಿಸುವ ತಂತಿ, ಮೂರು ತಾಳದ ತಂತಿ, ಎಲ್ಲವೂ ಬೇಸ್ ತಂತಿಯ ಮುಂದೆ ನೂಲಿನ ಹಾಗೆ. ಆರು ತಂತಿಯ ಬೇಸ್‌ನಲ್ಲಿ ಬಿ, ಇ, ಎ, ಡಿ, ಜಿ, ಸಿ ಆರೂ ಶ್ರುತಿಗೆ ಬಂದಾಗ ಒಟ್ಟು ಎಳೆತ 100 ರಿಂದ 110 ಕಿಲೋ. ಅದನ್ನು ತಡೆಯುವ ನೆಕ್ಕಿನ ದಪ್ಪ 22 ಮಿ.ಮೀ., ಅದರಲ್ಲೂ 7 ಮಿ.ಮೀ. ಫಿಂಗರ್‌ಬೋರ್ಡ್, ಅಂದರೆ ಬೆರಳು ಒತ್ತುವ ಮೇಲ್ಹಲಗೆ. ಎಳೆತ ತಂತಿಯ ನುಡಿಯುವ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. 1951ರ ಫೆಂಡರ್ ಪ್ರಿಸಿಷನ್ ಬೇಸ್‌ನ 34 ಇಂಚಿನಿಂದ 35ಕ್ಕೆ ಹೋದರೆ ಅದೇ ತಂತಿ, ಅದೇ ಶ್ರುತಿಗೆ ಸುಮಾರು ಶೇ. 6 ಎಳೆತ ಹೆಚ್ಚು. ಹಾಗಿದ್ದೂ 35 ಬೇಕು ಎನ್ನುತ್ತೇನೆ. ಕೆಳಗಿನ ಬಿ ಸ್ವರ 30.87 ಹರ್ಟ್ಸ್, ಗಿಡ್ಡ ತಂತಿಯಲ್ಲಿ ಅದು ಜೋಲುಬಿದ್ದು ಬೊಬ್ಬೆ ಹೊಡೆಯುತ್ತದೆಯೇ ಹೊರತು ಸ್ವರವಾಗಿ ನಿಲ್ಲುವುದಿಲ್ಲ. ಆಂಥೋನಿ ಜಾಕ್ಸನ್ ಅವರ ಕಲ್ಪನೆಯಂತೆ ಕಾರ್ಲ್ ಥಾಂಪ್ಸನ್ ಈ ಶ್ರುತಿಯ ಮೊದಲ ಆರು ತಂತಿಯ ಬೇಸ್ ಕಟ್ಟಿದ್ದು 1975ರಲ್ಲಿ. ಮುಂದೆ ಜಾಕ್ಸನ್ 36 ಇಂಚಿಗೇ ಹೋದರು. ಮೊದಲ ಸಲ ಕಟ್ಟುವವರಿಗೆ 35 ಸಾಕು. ಅದಕ್ಕೆ ಸಾಲುವಷ್ಟು ಉದ್ದದ ತಂತಿ ಸಿಗುತ್ತದೆಯೇ ಎಂದು ನೋಡಿ, ತಂತಿ ಕೈಗೆ ಬಂದಮೇಲೆ ಗರಗಸ ಹಿಡಿಯಿರಿ.

ಮರಕ್ಕೆ ಪುಣೆಯವರು ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ಗೆ, ಮುಂಬೈಯವರು ರೇ ರೋಡಿನ ಕಡೆಗೆ ಹೋಗುತ್ತಾರೆ. ಮಾತಿನಲ್ಲಿ ಒಂದು ಎಚ್ಚರ ಬೇಕು. ನಮ್ಮ ಬೀಟೆ ಮರಾಠಿಯಲ್ಲಿ ಶಿಸವ. ಅಂಗಡಿಯವನು ‘ಶೀಶಮ್’ ಎಂದು ತೋರಿಸುವುದು ಬಹಳ ಸಲ ಉತ್ತರ ಭಾರತದ ಬೇರೆಯೇ ಮರ, ಹೊಂಬಣ್ಣದ ಪಟ್ಟೆಯದು. ಬೀಟೆ ನೇರಳೆ ಮಿಶ್ರಿತ ಕಂದು, ಕೈಯಲ್ಲಿ ಹಿಡಿದರೆ ಭಾರ. ಫಿಂಗರ್‌ಬೋರ್ಡಿಗೆ ಶೀಶಮ್ ಆಗುವುದಿಲ್ಲ ಎಂದಲ್ಲ, ಆದರೆ ಬೀಟೆಯ ಬೆಲೆ ಕೊಟ್ಟು ಅದನ್ನು ತರಬಾರದು. ರಸೀದಿ ಇಲ್ಲದ ಬೀಟೆಯಂತೂ ಮುಟ್ಟಲೇಬೇಡಿ. ತೇಗಕ್ಕೆ ಇಲ್ಲಿ ಸಾಗವಾನ್ ಎನ್ನುತ್ತಾರೆ, ಉತ್ತರ ಕರ್ನಾಟಕದವರಿಗೆ ಹೊಸ ಮಾತಲ್ಲ. ಸಿಪಿ (ಹಳೆಯ ಮಧ್ಯ ಪ್ರಾಂತ್ಯ) ತೇಗ, ಬಲ್ಲಾರಶಾ ತೇಗ ಎಂದು ಸೀಮೆಯ, ಊರಿನ ಹೆಸರಲ್ಲಿ ಮಾರುತ್ತಾರೆ. ಹೆಸರಿಗಿಂತ ಎಳೆ ಮುಖ್ಯ: 1 ಮೀಟರ್ ಉದ್ದಕ್ಕೂ ಎಳೆ ಅಂಚಿನಿಂದ ಹೊರಗೆ ಓಡದೆ ನೇರ ಇರಬೇಕು, ಗಂಟು ಇರಬಾರದು. ಘನ ಅಡಿ ಲೆಕ್ಕದಲ್ಲಿ ಕೊಳ್ಳುವಾಗ ಅಗಲ ಹಲಗೆಗೆ ದರ ಹೆಚ್ಚು; ಪಟ್ಟಿ ಕೂಡಿಸುವವನಿಗೆ ಅಗಲದ ಅಗತ್ಯವೇ ಇಲ್ಲ, ಬಾಗಿಲ ಚೌಕಟ್ಟಿಗೆ ಸೀಳಿ ಉಳಿದ ನೇರ ತುಂಡುಗಳೇ ಸಾಕು.

ಇನ್ನು ಒಣಗಿಸುವುದು. ಹಾಳಾದ ನೆಕ್ಕುಗಳಲ್ಲಿ ಹೆಚ್ಚಿನವು ಹಾಳಾಗುವುದು ಇಲ್ಲೇ. ಪುಣೆಯಲ್ಲಿ ಜುಲೈ, ಆಗಸ್ಟಿನಲ್ಲಿ ಗಾಳಿಯ ತೇವ ಶೇ. 80 ದಾಟುತ್ತದೆ, ಏಪ್ರಿಲ್ ಮಧ್ಯಾಹ್ನ ಶೇ. 30ಕ್ಕಿಂತ ಕೆಳಗೆ. ಮರ ಗಾಳಿಯನ್ನು ಹಿಂಬಾಲಿಸುತ್ತದೆ: ಶೇ. 80ರ ಗಾಳಿಯಲ್ಲಿ ಬಹಳ ದಿನ ಇದ್ದ ಮರದಲ್ಲಿ ನೀರಿನ ಪಾಲು 16ರ ಹತ್ತಿರ, 30ರ ಗಾಳಿಯಲ್ಲಿ 6ರ ಹತ್ತಿರ. ಮುಂಬೈಯಲ್ಲಿ ಸಮುದ್ರದ ದಯೆಯಿಂದ ವರ್ಷವಿಡೀ ತೇವವೇ, ಏರಿಳಿತ ಕಡಿಮೆ. ಹಾಗಾಗಿ ಮುಂಬೈಯಲ್ಲಿ ಕಟ್ಟಿ ಪುಣೆಗೆ ತಂದ ವಾದ್ಯ ಮೊದಲ ಬೇಸಿಗೆಯಲ್ಲೇ ಫ್ರೆಟ್ಟಿನ (ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿಯ) ತುದಿಗಳನ್ನು ಹೊರಚಾಚುತ್ತದೆ. ಲೋಹ ಕುಗ್ಗಲಿಲ್ಲ, ಮರ ಕುಗ್ಗಿತು. 86 ಮಿ.ಮೀ. ಅಗಲದ ಬೋರ್ಡು ಅಡ್ಡಕ್ಕೆ ಮುಕ್ಕಾಲು ಮಿ.ಮೀ.ವರೆಗೆ ಕಿರಿದಾಗಬಹುದು, ಬೆರಳು ಕೊಯ್ಯಲು ಅಷ್ಟು ಸಾಕು.

ಆದ್ದರಿಂದ ಪಟ್ಟಿಗಳನ್ನು ಬೇಕಾದ ಅಳತೆಗಿಂತ 5 ಮಿ.ಮೀ. ದಪ್ಪವಾಗಿ ಸೀಳಿ, ನಡುವೆ ಕಡ್ಡಿ ಕೊಟ್ಟು, ಮನೆಯೊಳಗೆ, ವಾದ್ಯ ಮುಂದೆ ಇರಬೇಕಾದ ಕೋಣೆಯಲ್ಲೇ ಅಡುಕಿಡಿ. ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿಯಿರಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಪ್ರತಿ ಭಾನುವಾರ ಒಂದೇ ಪಟ್ಟಿಯನ್ನು ತೂಗಿ, ಅದರ ಮೈಮೇಲೆಯೇ ಪೆನ್ಸಿಲಿನಲ್ಲಿ ತೂಕ ಬರೆಯುತ್ತಾ ಬನ್ನಿ. ಅಂಕಿ ನಾಲ್ಕು ವಾರ ಅಲ್ಲಾಡದಿದ್ದರೆ ಕೆಲಸಕ್ಕೆ ತಗೊಳ್ಳಬಹುದು. ಮೀಟರ್ ಇದ್ದರೆ 10 ರಿಂದ 12 ಒಳ್ಳೆಯ ಜಾಗ, ಎರಡೂ ಋತುವಿನ ನಡುವಿನದು. ಪುಣೆಯಲ್ಲಿ ಅಂಟು ಹಾಕುವ ಕಾಲ ನವೆಂಬರ್‌ನಿಂದ ಫೆಬ್ರುವರಿ. ಮಳೆಗಾಲದಲ್ಲಿ ಡಿಸೈನ್ ಬರೆಯಿರಿ, ಉಳಿ ಹರಿತ ಮಾಡಿಟ್ಟುಕೊಳ್ಳಿ.

ನೆಕ್ಕಿನ ಅಡ್ಡಳತೆ ಹೀಗೆ: 26 ಮಿ.ಮೀ.ಯ ಮೂರು ತೇಗದ ಪಟ್ಟಿ, ಅವುಗಳ ನಡುವೆ 6 ಮಿ.ಮೀ.ಯ ಎರಡು ಬೀಟೆಯ ಪಟ್ಟಿ, ಒಟ್ಟು 90. ನಟ್ (ನೆಕ್ಕಿನ ತಲೆಯ ಕಡೆ ತಂತಿ ಕೂರುವ ಸಣ್ಣ ಪಟ್ಟಿ) ಹತ್ತಿರ 54 ಮಿ.ಮೀ., 24ನೇ ಫ್ರೆಟ್ಟಿನಲ್ಲಿ 86 ಮಿ.ಮೀ. ಬೇಕಾಗುವುದರಿಂದ ಇದು ಸರಿಹೋಗುತ್ತದೆ. ಹಲಗೆಯಿಂದ ಸೀಳಿದ ಪಟ್ಟಿಯನ್ನು ಮಗ್ಗುಲಿಗೆ ಹೊರಳಿಸಿ ನಿಲ್ಲಿಸಿ. ಅಡ್ಡ ಮಲಗಿದ್ದ ವರ್ಷದ ಉಂಗುರಗಳು ಆಗ ನೆಟ್ಟಗೆ ನಿಲ್ಲುತ್ತವೆ, ಆ ದಿಕ್ಕಿನಲ್ಲಿ ಮರ ಕಡಿಮೆ ಆಡುತ್ತದೆ. ಅಕ್ಕಪಕ್ಕದ ಪಟ್ಟಿಗಳ ಎಳೆ ಎದುರುಬದುರಾಗಿರಲಿ. ಒಂದು ಎಡಕ್ಕೆ ತಿರುಚಲು ಹೋದರೆ ಇನ್ನೊಂದು ಬಲಕ್ಕೆ ಎಳೆಯುತ್ತದೆ. ಒಂದೇ ಮರದ ನೆಕ್ಕಿಗೆ ಈ ಜಗ್ಗಾಟದ ರಕ್ಷಣೆ ಎಲ್ಲಿಂದ ಬರಬೇಕು?

ತೇಗದಲ್ಲಿ ಎಣ್ಣೆಯಿದೆ. ಕೀಸಿದ ಮೈಯನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ, ಆರಿದ ಹದಿನೈದು ನಿಮಿಷದೊಳಗೆ ಅಂಟು ಹಾಕಬೇಕು. ತಡವಾದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಇಲ್ಲಿಯ ಸುತಾರರು ಎಲ್ಲಕ್ಕೂ ಬಿಳಿ ಫೆವಿಕಾಲ್ ಬಳಿಯುತ್ತಾರೆ, ನಮ್ಮ ಬಡಗಿಗಳೂ ಅಷ್ಟೇ. ಕಪಾಟಿಗೆ ಅದು ಚೆನ್ನ. ಹಗಲಿರುಳು 100 ಕಿಲೋ ಎಳೆತ ಹೊತ್ತು, ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಮಲಗಬೇಕಾದ ನೆಕ್ಕಿಗೆ ಅಲ್ಲ: ಬಿಳಿ ಅಂಟು ಬಿಸಿಗೆ ಮೆತ್ತಗಾಗಿ, ಭಾರಕ್ಕೆ ಕೂದಲೆಳೆಯಷ್ಟು ಜಾರುತ್ತದೆ, ಬೆರಳಿಗೆ ಗೆರೆ ಸಿಗುತ್ತದೆ. ನಿಧಾನ ಗಟ್ಟಿಯಾಗುವ ಎಪಾಕ್ಸಿ ಬಳಸಿ. ಪ್ರತಿ 10 ಸೆಂ.ಮೀ.ಗೊಂದು ಕ್ಲ್ಯಾಂಪ್, 24 ಗಂಟೆ. ಜೋರಾಗಿ ಬಿಗಿದರೆ ಎಪಾಕ್ಸಿಯೆಲ್ಲ ಹೊರಬಂದು ಜೋಡಣೆ ಹಸಿವಿನಿಂದ ಸಾಯುತ್ತದೆ; ಅಂಚಿನಲ್ಲಿ ಸಣ್ಣ ಮಣಿಗಳು ಮೂಡಿದರೆ ಸಾಕು. ಆಮೇಲೆ ಎರಡು ವಾರ ಮುಟ್ಟಬೇಡಿ.

ಟ್ರಸ್ ರಾಡ್, ಅಂದರೆ ನೆಕ್ಕಿನೊಳಗೆ ಕೂತು ಅದರ ಬಾಗನ್ನು ತಿದ್ದುವ ಲೋಹದ ಸರಳು, ಎರಡು ಬೇಕು, ಎರಡೂ ಕಡೆ ಬಾಗಿಸಬಲ್ಲವು. ಅವು ಕೂರುವ ಗಾಡಿ (ಉದ್ದ ತೋಡು) 6 ಮಿ.ಮೀ. ಅಗಲ, ರಾಡಿಗೆ ತಕ್ಕಂತೆ 9 ರಿಂದ 9.5 ಆಳ. ನಡುಗೆರೆಯಿಂದ ಆಚೀಚೆ 9 ಮಿ.ಮೀ.ಗೆ ಇವುಗಳ ನಡು ಬರಲಿ. ಆಗ ಎರಡೂ ನಡುವಿನ ತೇಗದ ಪಟ್ಟಿಯೊಳಗೇ ಕೂರುತ್ತವೆ, ಅಂಟಿನ ಗೆರೆಯ ಮೇಲೆ ರೌಟರ್ (ತೋಡು ಕೊರೆಯುವ ಯಂತ್ರ) ಓಡುವುದಿಲ್ಲ. ಹಿಂಬದಿ ಕೆತ್ತುವಾಗ ಗಾಡಿಯ ತಳಕ್ಕೂ ಹೊರಮೈಗೂ ನಡುವೆ 4 ಮಿ.ಮೀ. ಉಳಿಯಲೇಬೇಕು. ದುಂಡಗೆ ಮಾಡುವ ಆಸೆಗೆ ಒಂದು ಸಲ ಅರ ಹೆಚ್ಚು ಓಡಿದರೆ, ಕೆಲವು ತಿಂಗಳ ಮೇಲೆ ರಾಡ್ ಬಿಗಿದಾಗ ಹಿಂದೆ ಸಣ್ಣ ಬಿರುಕು ಕಾಣುತ್ತದೆ. ಅದಕ್ಕೆ ಔಷಧವಿಲ್ಲ.

ಫಿಂಗರ್‌ಬೋರ್ಡನ್ನೂ ಎಪಾಕ್ಸಿಯಲ್ಲೇ ಕೂರಿಸಿ. ನೀರಿನಂಶದ ಅಂಟು ಬೋರ್ಡಿನ ಒಂದೇ ಮೈಯನ್ನು ಉಬ್ಬಿಸಿ ನೆಕ್ಕನ್ನು ಹಿಂದಕ್ಕೆ ಬಾಗಿಸುತ್ತದೆ. ಬೀಟೆಯ ಧೂಳು ಕೆಲವರಿಗೆ ಚರ್ಮಕ್ಕೂ ಶ್ವಾಸಕ್ಕೂ ಆಗುವುದಿಲ್ಲ. ಮುಖಗವಸು ಹಾಕಿಯೇ ಉಪ್ಪುಕಾಗದ ಹಿಡಿಯಿರಿ.

ಫ್ರೆಟ್ಟಿಗೆ ಬಂದಾಗ ಮಾತ್ರ ನಮ್ಮ ವೀಣೆಯವರ ಬುದ್ಧಿಯೇ ಮೇಲು. ಅವರು 24 ಮೆಟ್ಟಿಲನ್ನು ಜೇನುಮೇಣ, ಇದ್ದಿಲಪುಡಿಯ ಹದದಲ್ಲಿ ಕೂರಿಸುವುದು ಎಲ್ಲ ಮುಗಿದ ಮೇಲೆ, ಕಿವಿಯ ಸಾಕ್ಷಿಯಲ್ಲಿ. ಸಿತಾರಿನ ಪರದೆಗಳಂತೂ ಯಾವಾಗ ಬೇಕಾದರೂ ಸರಿಯುತ್ತವೆ. ಬೇಸ್‌ನ ಫ್ರೆಟ್ಟು ಒಮ್ಮೆ ಹೊಡೆದರೆ ಅಲ್ಲೇ, ಆದ್ದರಿಂದ ಗುರುತು ಮಾಡುವಾಗಲೇ ಜಾಗ್ರತೆ. 35 ಇಂಚು ಅಂದರೆ 889 ಮಿ.ಮೀ.; ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 49.90ಕ್ಕೆ; ಉಳಿದ ಉದ್ದವನ್ನು ಪ್ರತಿ ಸಲ ಹೀಗೇ ಭಾಗಿಸಿ ಕೂಡಿಸುತ್ತಾ ಹೋದರೆ 5ನೆಯದು 223.00, 7ನೆಯದು 295.66, 12ನೆಯದು 444.50, 24ನೆಯದು 666.75. ಎಲ್ಲವನ್ನೂ ನಟ್‌ನಿಂದಲೇ, ಒಂದೇ ಸ್ಟೀಲ್ ಪಟ್ಟಿ ಅಲುಗಿಸದೆ, ಚಾಕುವಿನಿಂದ ಗೀರಿ. ಒಂದರಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ತಪ್ಪು ಕೂಡುತ್ತಾ ಹೋಗುತ್ತದೆ. ಹ್ಯಾಕ್ಸಾ ಬ್ಲೇಡು ಬೇಡ, ಅದರ ಸೀಳು 1 ಮಿ.ಮೀ.ಗೆ ಹತ್ತಿರ, ಬೇಕಾದದ್ದು 0.6. ಬೈಕ್ ಗ್ಯಾರೇಜಿನವರ ಹತ್ತಿರ ಇರುವ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆಗಳು) ತಂದು ನೋಡಿ: 0.6ರ ಎಲೆ ಬಿಗಿಯಾಗಿ ಇಳಿಯಬೇಕು, 0.7ರದು ಇಳಿಯಬಾರದು. ಸಡಿಲ ಸೀಳಿನಲ್ಲಿ ಫ್ರೆಟ್ ಎದ್ದು ನಿಂತು ಪಕ್ಕದ ಸ್ವರಕ್ಕೆ ಜಿರಿಜಿರಿ ತರುತ್ತದೆ. ತೀರಾ ಬಿಗಿಯಾದರೆ 24 ಬೆಣೆಗಳು ಸೇರಿ ನೆಕ್ಕನ್ನೇ ಹಿಂದಕ್ಕೆ ಬಾಗಿಸುತ್ತವೆ. ಇನ್ನು ಫ್ರೆಟ್ಟುಗಳ ತಲೆ ಸಮ ಮಾಡುವ ಕೆಲಸಕ್ಕೆ ವೀಣೆಯವರ ತಾಳ್ಮೆ ಬೇಕು: ತಂತಿ ಹೂಡಿ ಮೂರು ವಾರ ಎಳೆತದಲ್ಲಿ ಬಿಟ್ಟು, ನೆಕ್ ತನ್ನ ಜಾಗ ಕಂಡುಕೊಂಡ ಮೇಲೆ ಅರ ಮುಟ್ಟಿಸಬೇಕು.

ನಟ್ ಕೊರೆಯುವಾಗ ಮೀರಜಿನ ಜವಾರಿಯನ್ನು, ಅಂದರೆ ತಂತಿ ಗುಂಯ್‌ಗುಡುವಂತೆ ಕುದುರೆಯನ್ನು ತೀಡುವ ಕೆಲಸವನ್ನು, ತಿರುವುಮುರುವು ನೆನೆಯಿರಿ. ತಂಬೂರಿಯ ಕುದುರೆ ಅಗಲ, ಇಳಿಜಾರು ಬಲು ನಯ. ತಂತಿ ಅದನ್ನು ಸವರುತ್ತಾ ನಡುಗಲೆಂದೇ ಹಾಗೆ ತೀಡಿರುತ್ತಾರೆ. ಬೇಸ್‌ನಲ್ಲಿ ಅದೇ ಗುಣ ದೋಷ. 3.3 ಮಿ.ಮೀ. ದಪ್ಪದ ಬಿ ತಂತಿಗೆ 3.4ರ ಗಾಡಿ, ತಳ ಬಿರಡೆಯ ಕಡೆಗೆ ಇಳಿಯಬೇಕು, ತಂತಿ ಫಿಂಗರ್‌ಬೋರ್ಡಿನ ಕಡೆಯ ಅಂಚಿನಲ್ಲೇ ಬಿಡಬೇಕು. ಅಂಚು ದುಂಡಗಾದರೆ ಖಾಲಿ ಬಿ ತಂತಿ ತಂಬೂರಿಯಂತೆ ಗುಂಯ್‌ಗುಡುತ್ತದೆ, ಆಗ ಎಲ್ಲರೂ ಪಿಕಪ್ಪನ್ನು (ತಂತಿಯ ಕಂಪನವನ್ನು ಕರೆಂಟಾಗಿಸುವ ಭಾಗವನ್ನು) ಬೈಯುತ್ತಾರೆ. ಬ್ರಿಜ್ (ಬೇಸ್‌ನ ಕುದುರೆ) ಕೂರಿಸುವಾಗ ಸಿ ತಂತಿಯ ಸ್ಯಾಡಲ್, ಅಂದರೆ ಬ್ರಿಜ್ ಮೇಲೆ ಆ ತಂತಿ ಕೂರುವ ಸರಿಸಬಲ್ಲ ತುಂಡು, ಪೂರ್ತಿ ಮುಂದಿದ್ದಾಗ 889ಕ್ಕೆ ಬರಲಿ, ಹಿಂದಕ್ಕೆ 10 ಮಿ.ಮೀ. ಜಾಗ ಇರಲಿ, ಬಿ ತಂತಿಗೆ ಅದರಲ್ಲಿ ಹೆಚ್ಚುಪಾಲು ಬೇಕಾಗುತ್ತದೆ. ತಂತಿಯಿಂದ ತಂತಿಗೆ 18 ಮಿ.ಮೀ.

ಒಡಲಿಗೆ ಹಲಸು ಸಿಕ್ಕರೆ ಬಹಳ ಸಂತೋಷ, ಹಗುರ. ಮಾವು ಆಗುತ್ತದೆ. ಮೇಲಿನ ಕೊಂಬು 12ನೇ ಫ್ರೆಟ್ಟಿನವರೆಗೆ ಚಾಚಿರಲಿ, ಇಲ್ಲದಿದ್ದರೆ ಆರು ಬಿರಡೆಯ ಭಾರಕ್ಕೆ ನೆಕ್ ನೆಲ ನೋಡುತ್ತದೆ. ನೆಕ್ಕನ್ನು ಒಡಲಿಗೆ ಅಂಟಿಸಬೇಡಿ, ಆರು ಬೋಲ್ಟ್ ಹಾಕಿ. ತಪ್ಪಿದರೆ ಬಿಚ್ಚಿ ಇನ್ನೊಂದು ನೆಕ್ ಕಟ್ಟಬಹುದು.

ಕೊನೆಗೆ ವೈರಿಂಗ್. ಅಮೆರಿಕದವರು 60 ಹರ್ಟ್ಸ್ ಗುಂಯ್‌ಗೆ ಹೇಳುವುದನ್ನು ಹಾಗೇ ತರಬೇಡಿ, ನಮ್ಮ ಕರೆಂಟು 50. ಇ ತಂತಿಯ 3ನೇ ಫ್ರೆಟ್ಟಿನ ಜಿ 49.0 ಹರ್ಟ್ಸ್, ಗುಂಯ್ ಸದ್ದು ಆ ಸ್ವರದ ಪಕ್ಕದಲ್ಲೇ ಕೂತು ಸೆಕೆಂಡಿಗೊಮ್ಮೆ ತೂಗಾಡುತ್ತದೆ. ರಾಜ್ಯೋತ್ಸವದ ಪೆಂಡಾಲಿನಲ್ಲಿ ಸೀರಿಯಲ್ ಲೈಟು, ಡಿಮ್ಮರುಗಳ ನಡುವೆ ನುಡಿಸುವಾಗ ಆ ಒಂದು ಜಿ ಮಾತ್ರ ಶ್ರುತಿ ತಪ್ಪಿದಂತೆ ಕೇಳುವುದಕ್ಕೆ ಕಾರಣ ಇದು. ಪುಣೆಯ ತಪಕೀರ್ ಗಲ್ಲಿಯಲ್ಲೋ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ತಾಮ್ರದ ಅಂಟುಪಟ್ಟಿ ಕೇಳಿ, ಪಿಕಪ್ ಮತ್ತು ಕಂಟ್ರೋಲ್ ಕೂರುವ ಕುಳಿಗಳ ಒಳಮೈಗೆ ಪೂರ್ತಿ ಹೊದಿಸಿ. ಪಟ್ಟಿಯ ಹಿಂದಿನ ಅಂಟು ಬಹಳ ಸಲ ಕರೆಂಟು ಹಾಯಿಸುವುದಿಲ್ಲ, ಹಾಗಾಗಿ ಪಟ್ಟಿ ಪಟ್ಟಿ ಸೇರುವಲ್ಲೆಲ್ಲ ಒಂದು ಚುಕ್ಕೆ ಬೆಸುಗೆ ಹಾಕಿ. ಬ್ರಿಜ್‌ಗೆ ಹೋಗುವ ಅರ್ತ್ ತಂತಿ ಮರೆಯಬೇಡಿ. ಮಲ್ಟಿಮೀಟರಿನ ಒಂದು ಕಡ್ಡಿ ಜ್ಯಾಕಿನ ಹೊರಕವಚಕ್ಕೆ, ಇನ್ನೊಂದು ಬ್ರಿಜ್‌ಗೆ, ಆಮೇಲೆ ಒಂದೊಂದು ಕುಳಿಯ ತಾಮ್ರಕ್ಕೆ ಇಟ್ಟು ನೋಡಿ. ಎಲ್ಲ ಕಡೆಯೂ 1 ಓಮ್‌ಗಿಂತ ಕಡಿಮೆ ತೋರಿಸಿದ ಮೇಲೆ ಮುಚ್ಚಳದ ಸ್ಕ್ರೂ ಬಿಗಿಯಿರಿ.