ಮರಿ ಮುಟ್ಟಲು ಬಿಡದವರೆಲ್ಲ ಮೋಸಗಾರರಲ್ಲ

'ನಾಯಿಮರಿ ಮಾರುವವರು ಮನೆಯೊಳಗೆ ಬಿಡದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅರ್ಥ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಪೂರ್ತಿ ನಿಜವಲ್ಲ.

ಒಳಗೆ ಬಿಡದಿರಲು ಮುಖ್ಯ ಕಾರಣ ಪಾರ್ವೊ, ಅಂದರೆ ನಾಯಿಮರಿಗಳ ಜೀವ ತೆಗೆಯಬಲ್ಲ ವಾಂತಿ-ಭೇದಿ ತರುವ ವೈರಸ್. 1978ರ ಹೊತ್ತಿಗೆ ಹಲವು ದೇಶಗಳಲ್ಲಿ ಕಾಣಿಸಿಕೊಂಡ ಇದು ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೀದಿಯಲ್ಲಿ ರೋಗದ ನಾಯಿಯ ಹೇಲು ತುಳಿದ ಚಪ್ಪಲಿ ಒಂದಿದ್ದರೆ ಸಾಕು. ಒಂದೇ ಭಾನುವಾರ ನಾಲ್ಕು ಕಡೆ ಮರಿ ನೋಡಿ ಬರುವವರೂ ಇದ್ದಾರೆ, ಅಲ್ವಾ? 'ಕೈಗೆ ಸ್ಯಾನಿಟೈಸರ್ ಹಾಕಿದ್ದೀನಲ್ಲ' ಅನ್ನುತ್ತಾರೆ. ಅದಕ್ಕೆಲ್ಲ ಈ ವೈರಸ್ ಜಗ್ಗುವುದಿಲ್ಲ. ಬ್ಲೀಚ್‌ನಂಥದ್ದೇ ಬೇಕು.

ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಕೆಲವು ವಾರಗಳಲ್ಲಿ ಇಳಿಯುತ್ತಾ ಹೋಗುತ್ತದೆ. ತಮಾಷೆ ಏನಂದರೆ, ಅದು ಸಾಕಷ್ಟು ಇಳಿಯುವವರೆಗೆ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ 6–8 ವಾರಕ್ಕೆ ಶುರುಮಾಡಿ 16 ವಾರದವರೆಗೆ ಮತ್ತೆ ಮತ್ತೆ ಹಾಕಿಸುವುದು. ಈ ನಡುವಿನ ದಿನಗಳೇ ಅಪಾಯ. ವಾಂತಿ, ರಕ್ತಭೇದಿ ಹಿಡಿದ ಮರಿ ಎರಡು ಮೂರು ದಿನದಲ್ಲೇ ಹೋಗಿಬಿಡಬಹುದು.

ಹಾಗಂತ ಸಂದೇಶದ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ತಾಯಿನಾಯಿಯನ್ನು ವಿಡಿಯೋ ಕರೆಯಲ್ಲೂ ತೋರಿಸದೆ, ಲಸಿಕೆ ಪುಸ್ತಕ ಕೊಡದೆ, ರಸ್ತೆ ಬದಿಯಲ್ಲಿ ಮರಿ ಕೈಗಿಟ್ಟು ದುಡ್ಡು ಕೇಳಿದರೆ ತಗೊಳ್ಳಬೇಡಿ. 'ಮೊದಲ ಲಸಿಕೆ ಆಗಲಿ, ಆಮೇಲೆ ಬನ್ನಿ, ಚಪ್ಪಲಿ ಗೇಟಿನ ಹೊರಗೇ ಬಿಡಿ' ಅನ್ನುವವರ ಲೆಕ್ಕವೇ ಬೇರೆ.