ನೆಟ್‌ವರ್ಕ್ ಸಿಗೋ ಕಡೆನೇ ಟೆಂಟ್ ಹಾಕಿ

"ನೆಟ್‌ವರ್ಕ್ ಸಿಗಲ್ಲ" ಅನ್ನೋದು ಮೊದಲೆಲ್ಲ ಊರಿನ ಬಗ್ಗೆ ದೂರು ಹೇಳುವಾಗ ಬರುತ್ತಿದ್ದ ಮಾತು. ಈಗ ಅದನ್ನೇ ದಪ್ಪಕ್ಷರದಲ್ಲಿ ಹಾಕಿ ಮಾರುತ್ತಿದ್ದಾರೆ. ಡಿಜಿಟಲ್ ಡಿಟಾಕ್ಸ್ ಕ್ಯಾಂಪಿಂಗ್, ಅಂದರೆ ಫೋನ್ ಸಹವಾಸ ಬಿಟ್ಟು ಟೆಂಟಿನಲ್ಲಿ ಇರೋದು, ಬಾರ್ಬೆಕ್ಯೂ ಸೇರಿ ತಲೆಗೆ ಇಷ್ಟು ಸಾವಿರ. ಮೈಸೂರಿನಲ್ಲಿ ನನಗೆ ಗೊತ್ತಿರುವ ಎಷ್ಟೋ ಜನ ಹೋಗಿ ಬಂದಿದ್ದಾರೆ. ಸೋಮವಾರ ಬೆಳಿಗ್ಗೆ ಅವರ ಫೋಟೋಗಳೂ ಬರುತ್ತವೆ, "ಫೋನ್ ಮುಟ್ಟಲೇ ಇಲ್ಲ" ಅಂತ ಬರೆದುಕೊಂಡು. ಫೋಟೋ ಯಾವುದರಲ್ಲಿ ತೆಗೆದಿರಿ ಅಂತ ಕೇಳಬಾರದು.

ನನ್ನ ತಕರಾರು ಟೆಂಟಿನ ಮೇಲಲ್ಲ. ಟೆಂಟಿನಲ್ಲಿ ಮಲಗೋದು ನನಗೂ ಇಷ್ಟ. ಸಿಗ್ನಲ್ ಇಲ್ಲದ ಜಾಗಕ್ಕೇ ಹೋಗಬೇಕು ಅನ್ನೋ ಹಟ ಯಾಕೆ ಅನ್ನೋದು ಪ್ರಶ್ನೆ. ಮುತ್ತತ್ತಿ ಕಡೆ ಕಾವೇರಿ ದಂಡೆಯಲ್ಲಿ ಫೋನ್ ಬಿಡೋಕೆ ಯಾವ ಮನಸ್ಸೂ ಗಟ್ಟಿ ಮಾಡಬೇಕಿಲ್ಲ, ಅಲ್ಲಿ ಬಳಸೋಕೇ ಆಗಲ್ಲ ಅಷ್ಟೆ. ವಾಪಸ್ ಬರುವಾಗ ಹಲಗೂರು ಹತ್ತಿರ ಸಿಗ್ನಲ್ ಸಿಕ್ಕಿದ ತಕ್ಷಣ ಕಾರಿನಲ್ಲಿರುವ ಎಲ್ಲರ ತಲೆಯೂ ಒಟ್ಟಿಗೆ ಕೆಳಗೆ ಹೋಗುತ್ತದೆ.

ಜೊತೆಗೆ ಮುತ್ತತ್ತಿ ಸುತ್ತಮುತ್ತ ಇರೋದು ಕಾವೇರಿ ವನ್ಯಧಾಮ. ನಾಗರಹೊಳೆ, ಬಂಡೀಪುರ ಸರಿಯೇ ಸರಿ, ಹುಲಿ ಕಾಡು. ಇಲ್ಲೆಲ್ಲ ಕಂಡ ಕಂಡಲ್ಲಿ ಟೆಂಟ್ ಹೊಡೆಯೋಕೆ ಬಿಡಲ್ಲ, ಬಿಡಲೂಬಾರದು. ಭೀಮೇಶ್ವರಿಯಂಥ ಕಡೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಶಿಬಿರ ಇದೆ, ದುಡ್ಡಿದ್ದರೆ ಅಲ್ಲಿಗೆ ಹೋಗಿ. ಕಾಡಿನ ಅಂಚಿನಲ್ಲಿ ರಾತ್ರಿ ಹನ್ನೊಂದಕ್ಕೆ ಬ್ಲೂಟೂತ್ ಸ್ಪೀಕರ್ ಹಚ್ಚಿಕೊಂಡು "ಪ್ರಕೃತಿ ಮಡಿಲಲ್ಲಿ" ಅನ್ನೋರ ಬಗ್ಗೆ ಬರೆಯೋಕೆ ಹೋದರೆ ಈ ಪೋಸ್ಟ್ ಸಾಲಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಎರಡು ದಿನ ಯಾರ ಕೈಗೂ ಸಿಗದೆ ಇರೋದು ಎಲ್ಲರಿಗೂ ಆಗುವ ಮಾತಲ್ಲ. ನಮ್ಮ ಅಕ್ಕನ ಮನೆಯಲ್ಲಿ ಅವಳ ಅತ್ತೆಗೆ ಶುಗರ್, ಬಿಪಿ ಎರಡೂ ಇವೆ. ಫೋನ್ ಹೋಗದ ಕಡೆ ಹೋದರೆ ಅವಳಿಗೆ ಡಿಟಾಕ್ಸ್ ಅಲ್ಲ, ಇಡೀ ಹೊತ್ತು ಅದೇ ಯೋಚನೆ. ಇಂಥವರು ಒಂದು ರಾತ್ರಿ ಆಚೆ ಮಲಗಲೇಬಾರದಾ?

ಅದಕ್ಕೇ ನಾವು ಹೋಗಿದ್ದು ಪಾಂಡವಪುರ ತಾಲ್ಲೂಕಿನ ನಮ್ಮ ಚಿಕ್ಕಪ್ಪನ ತೆಂಗಿನ ತೋಟಕ್ಕೆ. ನಾನು, ಅಕ್ಕ, ಪಿಯುಸಿ ಓದುವ ಅವಳ ಮಗ. ಸಿಗ್ನಲ್ ಫುಲ್ಲು. ಸ್ಮಾರ್ಟ್‌ಫೋನ್‌ಗಳೆಲ್ಲ ಆಫ್ ಆಗಿ ಚಿಕ್ಕಮ್ಮನ ಬೀರು ಸೇರಿದವು, ಒಂದು ಹಳೇ ಕೀಪ್ಯಾಡ್ ಫೋನ್ ಮಾತ್ರ ನಮ್ಮ ಜೊತೆ. ಆ ನಂಬರ್ ಅಕ್ಕನ ಮನೆಯವರ ಹತ್ತಿರ ಇತ್ತು. ಚಿಕ್ಕಪ್ಪನಿಗೆ ಇದು ಅರ್ಥವೇ ಆಗಲಿಲ್ಲ. "ಮನೇಲಿ ಮಂಚ ಐತೆ, ಫ್ಯಾನ್ ಐತೆ, ನೀವ್ ಹೋಗಿ ಆ ಸೊಳ್ಳೆ ಮಧ್ಯ ಮಲಗ್ತೀರಲ್ರಪ್ಪಾ" ಅಂದರು. ಆದರೂ ಜಾಗ ಅವರೇ ತೋರಿಸಿದ್ದು: ಕಬ್ಬಿನ ಗದ್ದೆಯಿಂದ ದೂರ, ಪಂಪ್‌ಹೌಸ್ ಹತ್ತಿರ, ನೆಲ ಕಾಣುವಂತೆ ಗುಡಿಸಿದ ಬಯಲು. ಕಬ್ಬಿನೊಳಗೆ ಚಿರತೆ ಇರೋದು ನಮ್ಮ ಕಡೆ ಕಥೆಯಲ್ಲ. 2022ರ ಕೊನೆಯಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜೀವಗಳೇ ಹೋದವು. ಟೆಂಟ್ ಹಾಕೋರು ಜಾಗದವರ ಮಾತು ಕೇಳಬೇಕು.

ಸಂಜೆ ಆರೂವರೆಯಿಂದ ಎಂಟರ ತನಕ ಬಹಳ ಕಷ್ಟ, ಸುಳ್ಳು ಹೇಳಲ್ಲ. ಕೈ ಸುಮ್ನೆ ಜೇಬಿಗೆ ಹೋಗುತ್ತದೆ. ಹುಡುಗ "ಈಗೇನ್ ಮಾಡೋದು?" ಅಂತ ಕೇಳಿದ, ಯಾರ ಹತ್ತಿರವೂ ಉತ್ತರ ಇರಲಿಲ್ಲ. ಪಕ್ಕದ ಆಲೆಮನೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಚಿಕ್ಕಮ್ಮ ಮುದ್ದೆ, ಬಸ್ಸಾರು ಕಳಿಸಿದರು, ತಿಂದೆವು. ಒಂಬತ್ತಕ್ಕೆಲ್ಲ ಕಣ್ಣು ಎಳೆಯತೊಡಗಿತು.

ಈ ನಿದ್ದೆ ವಿಷಯ ಮಾತ್ರ ಬರೀ ನಂಬಿಕೆಯಲ್ಲ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. 8 ಜನರನ್ನು ಒಂದು ವಾರ ಬೆಟ್ಟದಲ್ಲಿ ಟೆಂಟ್ ಹಾಕಿಸಿ ಇರಿಸಿದರು. ಟಾರ್ಚ್ ಇಲ್ಲ, ಫೋನ್ ಇಲ್ಲ, ಹಗಲು ಬಿಸಿಲು, ರಾತ್ರಿ ಬೆಂಕಿಯ ಬೆಳಕು ಅಷ್ಟೆ. ನಿದ್ದೆ ಬರಿಸುವ ಮೆಲಟೋನಿನ್ ಅವರ ಮೈಯಲ್ಲಿ ಏರುವ ಹೊತ್ತು ಸುಮಾರು 2 ಗಂಟೆ ಮುಂಚೆಗೆ ಬಂತು. 2017ರಲ್ಲಿ ಅದೇ ಗುಂಪಿನವರು ಬರೀ ವಾರಾಂತ್ಯದ ಕ್ಯಾಂಪಿಂಗ್ ನೋಡಿದಾಗಲೂ ಆ ಬದಲಾವಣೆಯ ದೊಡ್ಡ ಪಾಲು ಕಂಡಿತು. ಗಮನಿಸಿ, ಇಲ್ಲಿ ಕೆಲಸ ಮಾಡಿದ್ದು ಬೆಳಕು. ಅದಕ್ಕೆ ಕಾಡೇ ಬೇಕು ಅಂತೇನಿಲ್ಲ, ಕತ್ತಲಾಗುವ ಯಾವ ತೋಟವಾದರೂ ಆಗುತ್ತದೆ. ಟೆಂಟಿಗೆಲ್ಲ ಸೀರಿಯಲ್ ಸೆಟ್ ಸುತ್ತಿ ಮಿನುಗಿಸುವ ಪ್ಯಾಕೇಜ್‌ನವರಿಗೆ ಇದನ್ನು ಯಾರಾದರೂ ಹೇಳಿ.

ಮಧ್ಯರಾತ್ರಿ ಪಂಪ್‌ಹೌಸ್‌ನಲ್ಲಿ ಟಕ್ ಅಂತ ಸದ್ದಾಗಿ ಮೋಟರ್ ತಾನಾಗಿ ಶುರುವಾಯಿತು. ಒಂದು ನರಪಿಳ್ಳೆ ಇಲ್ಲ. ಅಕ್ಕ ಎದ್ದು ಕೂತಳು, ಹುಡುಗ ನನ್ನ ಕೈ ಹಿಡಿದುಕೊಂಡ. ಪೈಪಿನಿಂದ ನೀರು ಬಿದ್ದು ಮರದ ಬುಡದ ಪಾತಿಗೆ ಹರಿಯುವುದು ಕೇಳುತ್ತಿತ್ತು. ಬೆಳಿಗ್ಗೆ ಚಿಕ್ಕಪ್ಪನನ್ನು ಕೇಳಿದರೆ ನಕ್ಕರು. ಅದು ಮೊಬೈಲ್ ಸ್ಟಾರ್ಟರ್ ಅಂತೆ. ಪ್ಯಾನೆಲ್ ಬೋರ್ಡಿನಲ್ಲಿ ಒಂದು ಸಿಮ್. ತ್ರೀ ಫೇಸ್ ಕರೆಂಟ್ ಬಂದರೆ ಮೋಟರೇ ಇವರಿಗೆ ಫೋನ್ ಮಾಡುತ್ತದೆ, ಇವರು ಮಲಗಿದ್ದಲ್ಲಿಂದಲೇ ಒಂದು ನಂಬರ್ ಒತ್ತಿದರೆ ಮುಗೀತು. "ಮೊದ್ಲು ರಾತ್ರಿ ಪಾಳಿ ಕರೆಂಟ್ ಅಂದ್ರೆ ನಾನೇ ಇಲ್ಲಿ ಬಂದು ಮಲಗ್ಬೇಕಾಗಿತ್ತು, ಬ್ಯಾಟ್ರಿ ಹಿಡ್ಕಂಡು, ಹಾವು ಚೇಳು ನೋಡ್ಕಂಡು" ಅಂದರು. ಅವರಿಗೆ ತೋಟದಲ್ಲಿ ಮಲಗೋದು ತಪ್ಪಿದ್ದು ಫೋನಿಂದ. ನಾವು ಫೋನ್ ತಪ್ಪಿಸಿಕೊಳ್ಳೋಕೆ ಅದೇ ತೋಟಕ್ಕೆ ಬಂದು ಮಲಗಿದ್ದೇವೆ.

ಅವತ್ತಿಂದ "ಫೋನೇ ವಿಷ" ಅನ್ನೋ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಚಿಕ್ಕಪ್ಪನ ಫೋನ್ ಕರೆಂಟ್ ಬಂತು ಅಂತ ಹೇಳಿ ಸುಮ್ಮನಾಗುತ್ತದೆ. ನಮ್ಮದು ಸುಮ್ಮನಾಗಲ್ಲ, ಯಾಕೆಂದರೆ ಅದರೊಳಗಿನ ಪುಟಗಳಿಗೆ ಕೊನೆಯೇ ಇಲ್ಲ. ಎಳೆದಷ್ಟೂ ಬರುವ ಆ ಸ್ಕ್ರಾಲ್ ರೂಪಿಸಿದ ಏಜಾ ರಾಸ್ಕಿನ್ ಅನ್ನುವವರೇ ಆಮೇಲೆ ಅದರ ಬಗ್ಗೆ ಪಶ್ಚಾತ್ತಾಪ ಪಟ್ಟಿದ್ದಾರೆ. ಬಿಡಬೇಕಾದ್ದು ಇದನ್ನು. ಇದನ್ನು ಬಿಡೋಕೆ ಟವರ್ ಇಲ್ಲದ ಊರು ಹುಡುಕಬೇಕಿಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾವ್ ಅಂತ ಒಂದು ಊರಿದೆ. 2022ರಿಂದ ಅಲ್ಲಿ ಸಂಜೆ 7ಕ್ಕೆ ಸೈರನ್ ಹೊಡೆದರೆ ಮನೆಮನೆಯಲ್ಲೂ ಟಿವಿ, ಮೊಬೈಲ್ ಆಫ್ ಮಾಡೋ ಪದ್ಧತಿ ಶುರುವಾಯಿತು, ಒಂದೂವರೆ ಗಂಟೆ ಹೊತ್ತು. ಟವರ್ ಇದ್ದಲ್ಲೇ ಇತ್ತು. ಒಬ್ಬರೇ ಕೂತು ಹಟ ಮಾಡೋದಕ್ಕಿಂತ ಊರೆಲ್ಲ ಒಟ್ಟಿಗೆ ಬಿಟ್ಟರೆ ಸುಲಭ ಅಂತ ನನಗನ್ನಿಸುತ್ತದೆ, ನಾವು ಮೂರೇ ಜನ ಇದ್ದಾಗಲೂ ಅದು ಗೊತ್ತಾಯಿತು. ನಮ್ಮಲ್ಲಿ ಒಬ್ಬರ ಕೈಯಲ್ಲಿ ಸ್ಮಾರ್ಟ್‌ಫೋನ್ ಇದ್ದಿದ್ದರೂ ಉಳಿದಿಬ್ಬರೂ ಅದಕ್ಕೇ ಕತ್ತು ಚಾಚುತ್ತಿದ್ದೆವು.

ನಿಮ್ಮ ಪೈಕಿ ತುಂಬಾ ಜನಕ್ಕೆ ಮಂಡ್ಯ, ಮದ್ದೂರು, ಕೆ.ಆರ್. ಪೇಟೆ ಕಡೆ ನೆಂಟರ ತೋಟ ಇದ್ದೇ ಇರುತ್ತದೆ ಅಲ್ವಾ? ಸಂಕ್ರಾಂತಿ ಆದಮೇಲೆ ಕೇಳಿ ನೋಡಿ. ಭತ್ತದ ಕೊಯ್ಲು ಮುಗಿದಿರುತ್ತದೆ, ನೆಲ ಒಣಗಿರುತ್ತದೆ, ಆಲೆಮನೆಗಳೂ ನಡೀತಿರುತ್ತವೆ. ತೆಂಗಿನ ಮರದ ನೇರ ಕೆಳಗೆ ಟೆಂಟ್ ಹಾಕಬೇಡಿ, ಕಾಯಿ ಬೀಳುತ್ತದೆ. ಮೋಟರ್ ಯಾವಾಗ ಶುರುವಾಗುತ್ತದೆ, ನೀರು ಯಾವ ಪಾತಿಗೆ ಹೋಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ, ಇಲ್ಲಾಂದ್ರೆ ಮಧ್ಯರಾತ್ರಿ ಹಾಸಿಗೆ ಎತ್ತಿಕೊಂಡು ಓಡಬೇಕಾಗುತ್ತದೆ.